ಇಪ್ಪತ್ತೇಳನೆಯ ನಂಬರಿನ ವರ್ಗಾವಣೆ

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಬಾಗಿಲ ಹಿಂದೆ ಒಂದು ಜರ್ಸಿ ನೇತಾಡುತ್ತಿದೆ. ಬೆನ್ನ ಮೇಲೆ ಇಪ್ಪತ್ತೇಳು ಎಂಬ ಅಂಕಿ, ಅದರ ಮೇಲೆ ಒಬ್ಬ ಬೇಸ್‌ಬಾಲ್ ಆಟಗಾರನ ಹೆಸರು. ಆ ಹೆಸರಿನವನು ಈಗ ನಮ್ಮ ಪರ್ತ್ ತಂಡದಲ್ಲಿಲ್ಲ. ಜರ್ಸಿಯ ಕೆಳಗಿನ ಅಂಚನ್ನು ಮಗುಚಿ ನೋಡಿದರೆ ಹೆಬ್ಬೆರಳಿನ ಗಾತ್ರದ ಒಂದು ಹಳದಿ ಕಲೆ ಕಾಣುತ್ತದೆ. ನಿಂಬೆಹುಳಿ, ಸೋಡಾಪುಡಿ, ಸೂಪರ್ ಮಾರ್ಕೆಟ್ಟಿನ ನೀಲಿ ದ್ರವ ಎಲ್ಲವನ್ನೂ ಹಾಕಿ ಉಜ್ಜಿದ್ದೇನೆ. ಪರ್ತಿನ ಬಿಸಿಲಿಗೆ ಒಂಚೂರು ಮಾಸಿತೇ ಹೊರತು ಹೋಗಲಿಲ್ಲ. ಇವತ್ತು ಬೆಳಿಗ್ಗೆ ವಾಷಿಂಗ್ ಮೆಷೀನಿಗೆ ಬಟ್ಟೆ ತುಂಬುವಾಗ ಅದು ಮತ್ತೆ ಕಣ್ಣಿಗೆ ಬಿತ್ತು. ಮೆಷೀನು ತಿರುಗಿ ಮುಗಿಯುವ ತನಕ ನನಗೂ ಬೇರೆ ಕೆಲಸವಿರಲಿಲ್ಲ, ಬರೆಯಲು ಕೂತೆ.

ಬೇಸ್‌ಬಾಲ್ ಹುಚ್ಚು ಹಿಡಿಯುವ ವಯಸ್ಸು ನನ್ನದಲ್ಲ, ಹಿಡಿಸುವ ಊರಿನಲ್ಲಿ ಹುಟ್ಟಿದವಳೂ ನಾನಲ್ಲ. ಅದು ನನಗೆ ಅಂಟಿಕೊಂಡಿದ್ದು ಪುಕ್ಕಟೆ ಟಿಕೆಟ್ಟಿನಿಂದ. ನಾಲ್ಕು ಬೇಸಿಗೆಯ ಹಿಂದೆ ಅಡಿಲೇಡಿನಿಂದ ಪರ್ತಿಗೆ ಬಂದ ಹೊಸತರಲ್ಲಿ, ನಮ್ಮ ಆಪರೇಷನ್ ಥಿಯೇಟರಿನ ನರ್ಸೊಬ್ಬಳು ಎರಡು ಟಿಕೆಟ್ ಕೈಗಿಟ್ಟಳು. ನನ್ನ ಗಂಡ ಮಹೇಶನಿಗೆ ಕ್ರಿಕೆಟ್ ಬಿಟ್ಟರೆ ಉಳಿದದ್ದೆಲ್ಲ ಆಟವೇ ಅಲ್ಲ. "ನಮ್ ಚಿನ್ನಿದಾಂಡೇ ಕಣೇ ಇದು. ಇಲ್ಲಿ ಟೋಪಿ ಹಾಕ್ಕೊಂಡು ಆಡ್ತಾರೆ ಅಷ್ಟೇ," ಎಂದು ಹೇಳಿ ಸೋಫಾದಿಂದ ಏಳಲಿಲ್ಲ. ಆಗ ಎಂಟು ವರ್ಷದವಳಾಗಿದ್ದ ಮಗಳು ಇಳಾಳನ್ನು ಕರೆದುಕೊಂಡು ನಾನೇ ಹೋದೆ. ಮೊದಲ ಒಂದು ಗಂಟೆ ಏನೂ ನಡೆಯಲಿಲ್ಲ. ಒಬ್ಬ ಎಸೆದ, ಇನ್ನೊಬ್ಬ ಬೀಸಿದ, ಚೆಂಡು ಸಿಗಲಿಲ್ಲ. ಮತ್ತೆ ಎಸೆದ, ಮತ್ತೆ ಬೀಸಿದ. ನನಗೆ ತುಂಬ ಹಿಡಿಸಿತು.

ಯಾಕೆಂದರೆ ನನ್ನ ಕೆಲಸವೂ ಅಂಥದ್ದೇ. ನಾನು ಅರಿವಳಿಕೆ ಕೊಡುವ ಡಾಕ್ಟರು. ಕುಯ್ಯುವವರು ಬೇರೆ, ಹೊಲಿಯುವವರು ಬೇರೆ. ನಾನು ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತು ಏನೂ ಆಗದಂತೆ ನೋಡಿಕೊಳ್ಳುತ್ತೇನೆ. ಏನೂ ಆಗದಿದ್ದರೆ ಅವತ್ತು ನನ್ನ ಕೆಲಸ ಚೆನ್ನಾಗಿ ಆಯಿತೆಂದು ಅರ್ಥ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಈ ಆಟದಲ್ಲಿ ಏನೂ ಆಗದ ಗಂಟೆಗಳಿಗೂ ಜನ ಟಿಕೆಟ್ ಕೊಟ್ಟು ಬಂದು ಕೂರುತ್ತಾರೆ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು.

ನಿಮಗೆ ಆಟ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಇಷ್ಟು ಸಾಕು: ಹೊಡೆಯುವವನ ಬೆನ್ನ ಹಿಂದೆ ಒಬ್ಬ ಕುಕ್ಕರುಗಾಲಲ್ಲಿ ಕೂತು, ಎಸೆದ ಚೆಂಡನ್ನೆಲ್ಲ ಹಿಡಿಯುತ್ತಾನೆ. ಅವನಿಗೆ ಕ್ಯಾಚರ್ ಎನ್ನುತ್ತಾರೆ. ಮೂರು ಗಂಟೆ ಹಾಗೆಯೇ ಕೂತು ಏಳುತ್ತಿರಬೇಕು. ಒಮ್ಮೆ ಬೀರೂರಿನಿಂದ ಬಂದಿದ್ದ ನನ್ನಮ್ಮನನ್ನು ಮ್ಯಾಚಿಗೆ ಕರೆದುಕೊಂಡು ಹೋಗಿದ್ದೆ. ಅವಳು ಹೊಡೆದವರನ್ನು ನೋಡಲಿಲ್ಲ, ಓಡಿದವರನ್ನು ನೋಡಲಿಲ್ಲ. "ಅಯ್ಯೋ, ಆ ಹುಡುಗನಿಗೆ ಒಂದು ಮಣೆ ಹಾಕಿಕೊಡಬಾರದಾ ಇವರು?" ಎಂದು ಕೊನೆಯವರೆಗೂ ಕೊರಗಿದಳು. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ದಿಂಬಿನಂಥ ಕವಚ ಕಟ್ಟಿಕೊಂಡಿದ್ದ ಆ ಹುಡುಗನೇ ನಮ್ಮ ಇಪ್ಪತ್ತೇಳನೆಯ ನಂಬರು, ಡೆಕ್ಲನ್.

ಡೆಕ್ಲನ್ ದೊಡ್ಡ ಆಟಗಾರನೇನಲ್ಲ. ಅವನು ಬ್ಯಾಟ್ ಹಿಡಿದು ಬಂದರೆ ನಮ್ಮ ಸುತ್ತಮುತ್ತ ಕೂತವರು ಚಿಪ್ಸ್ ತರಲು ಏಳುತ್ತಿದ್ದರು. ನಾನು ಅವನನ್ನು ಇಷ್ಟಪಟ್ಟಿದ್ದು ಮಂಡಿಗಳಿಗಾಗಿ. ಆ ಮಂಡಿಗಳು ಇನ್ನು ಹತ್ತು ಹದಿನೈದು ವರ್ಷಕ್ಕೆ ನನ್ನಂಥವಳೊಬ್ಬಳ ಮೇಜಿನ ಮೇಲೆ ಬಂದೇ ಬರುತ್ತವೆ ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಇಳಾಳ ಕಾರಣ ಬೇರೆ. ನಮ್ಮ ಎರಡನೆಯ ಮ್ಯಾಚಿನ ದಿನ ಅವನು ಬೇಲಿಯ ಹತ್ತಿರ ಬಂದು, ಹಳೆಯ ಚೆಂಡೊಂದನ್ನು ಅವಳ ಕೈಗೆ ಕೊಟ್ಟು, "ಇದನ್ನ ನಂಗೋಸ್ಕರ ಇಟ್ಕೊಂಡಿರು, ಆಯ್ತಾ?" ಎಂದಿದ್ದ. ಮುಂದಿನ ಭಾನುವಾರ ಅವಳನ್ನು ಗುರುತು ಹಿಡಿದು, "ನನ್ ಚೆಂಡು ಇದ್ಯಾ?" ಎಂದು ಕೇಳಿದ. ಆಗ ಪರ್ತಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ನಾವಿಬ್ಬರು ಮತ್ತು ಅವಳ ಟೀಚರು, ಅಷ್ಟೇ. ನಾಲ್ಕು ವರ್ಷವೂ ಅವನು ಅದನ್ನೇ ಕೇಳಿದ, ಅವಳು ಇದೆ ಎಂದಳು.

ಒಂದು ಮಾತು. ಇಳಾ ಹುಟ್ಟಿದ್ದು ಅಡಿಲೇಡಿನಲ್ಲಿ. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳ ಮಾತನ್ನೂ ಡೆಕ್ಲನ್ನನ ಮಾತನ್ನೂ ಇಲ್ಲಿ ಹೆಚ್ಚಾಗಿ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಈಗ ಜರ್ಸಿಯ ವಿಷಯ. ಪೂರ್ತಿ ಬೆಲೆ ಕೊಟ್ಟು ನಾನು ಏನನ್ನೂ ಕೊಂಡವಳಲ್ಲ. ಸೀಸನ್ ಮುಗಿದ ಮೇಲೆ ಅರ್ಧ ಬೆಲೆಗೆ ಕೊಡಿಸುತ್ತೇನೆಂದು ಮೂರು ವರ್ಷ ಅವಳನ್ನು ಸಾಗಹಾಕಿದ್ದೆ. ಕಳೆದ ನವೆಂಬರಿನಲ್ಲಿ ಮಾತ್ರ ಸೀಸನ್ನಿನ ಮೊದಲ ಭಾನುವಾರವೇ, ಅವಳು ಬಾಯಿ ಬಿಡುವ ಮೊದಲೇ, ಹೆಸರು ನಂಬರು ಸಮೇತ ಕೊಡಿಸಿದೆ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಅದರ ಹಿಂದಿನ ಗುರುವಾರವಷ್ಟೇ ನಾನು ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿರುವ ಒಂದು ಕ್ಲಿನಿಕ್ಕಿನ ಕೆಲಸಕ್ಕೆ ಸಹಿ ಹಾಕಿದ್ದೆ. ಏಪ್ರಿಲ್‌ನಲ್ಲಿ ಅಲ್ಲಿರಬೇಕು. ವಾರಾಂತ್ಯದ ಡ್ಯೂಟಿ ಇಲ್ಲ, ಮಧ್ಯರಾತ್ರಿಯ ಫೋನ್ ಇಲ್ಲ. ಇಂಟರ್‌ವ್ಯೂಗೆಂದು ಹೋದಾಗ ಊರು ನೋಡಿಕೊಂಡು ಬಂದಿದ್ದೆ. ರಸ್ತೆ, ಕೆರೆ, ಅಂಗಡಿ ಎಲ್ಲ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದ್ದವು, ಕಾರು ನಿಲ್ಲಿಸಲು ಎಲ್ಲಿ ನೋಡಿದರೂ ಜಾಗ. ಪರ್ತ್ ಸಿಟಿಯಲ್ಲಿರುವ ಮಹೇಶನ ಆಫೀಸಿಗೆ ಬ್ರಿಸ್ಬೇನಿನಲ್ಲೂ ಒಂದು ಶಾಖೆ ಇದೆ. ಎಲ್ಲ ಸಲೀಸಾಗಿ ಕೂಡಿಬಂದಿತ್ತು, ಇಳಾಳಿಗೆ ಹೇಳುವುದೊಂದು ಬಿಟ್ಟು.

ಫೆಬ್ರವರಿಗೆ ಅವಳು ಹೈಸ್ಕೂಲಿಗೆ ಸೇರಬೇಕು. ನಾಲ್ಕು ವರ್ಷದಲ್ಲಿ ಅವಳು ಸಂಪಾದಿಸಿಕೊಂಡ ಒಬ್ಬಳೇ ಜೀವದ ಗೆಳತಿ ಮಿಯಾ ಕೂಡ ಅದೇ ಶಾಲೆ, ಅದೇ ಕ್ಲಾಸು. ಇಬ್ಬರೂ ಒಟ್ಟಿಗೆ ಹೋಗಿ ಯೂನಿಫಾರ್ಮಿನ ಅಳತೆ ಕೊಟ್ಟು ಬಂದಿದ್ದರು. ಖುಷಿಯಾಗಿ ಶಾಲೆ ಶುರು ಮಾಡಲಿ, ಒಂದು ಟರ್ಮ್ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮಹೇಶ, "ಬೇಗ ಹೇಳ್ಬಿಡು ಮಾರಾಯ್ತಿ, ದೊಡ್ಡೋಳಾಗಿದಾಳೆ," ಎಂದ. "ನೀವೇ ಹೇಳಿ," ಎಂದೆ. ಅವನು ಕ್ರಿಕೆಟ್ ಸ್ಕೋರ್ ನೋಡತೊಡಗಿದ. ಅಮ್ಮನಿಗೆ ಅವತ್ತೇ ಫೋನ್ ಮಾಡಿ ಹೇಳಿದ್ದೆ. ಥಿಯೇಟರಿನವರಿಗೆ ಹೇಳಿದ್ದೆ. ನನ್ನ ಕೂದಲು ಕತ್ತರಿಸುವವಳಿಗೂ ಗೊತ್ತಿತ್ತು.

ಜರ್ಸಿ ಮನೆಗೆ ಬಂತಲ್ಲ, ಇಳಾ ಅದನ್ನು ತೊಡುವ ಮೊದಲು ಬೆಲೆಚೀಟಿ ಕತ್ತರಿಸೋಣವೆಂದು ಅಡುಗೆಮನೆಗೆ ತಂದೆ. ಕತ್ತರಿ ಹುಡುಕುವ ಹೊತ್ತಿಗೆ ನನ್ನ ಇನ್ನೊಂದು ಕೈ ತಾನಾಗಿಯೇ ಸಾಂಬಾರ ಡಬ್ಬಿಯ ಮುಚ್ಚಳ ತೆಗೆದು, ಅರಿಶಿನದಲ್ಲಿ ಬೆರಳದ್ದಿ, ಜರ್ಸಿಯ ಅಂಚಿಗೆ ಒತ್ತಿಬಿಟ್ಟಿತ್ತು. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕಿಕೊಳ್ಳುವುದು ನಮ್ಮ ಮನೆಯಲ್ಲಿ ಇರಲಿಲ್ಲ. ದೀಪಾವಳಿಯ ಲಂಗಕ್ಕೆ ಸರಿ, ಶಾಲೆಯ ಯೂನಿಫಾರ್ಮಿಗೂ, ಅಪ್ಪನ ಬನಿಯನ್ನಿಗೂ ಅಮ್ಮ ಹಚ್ಚುತ್ತಿದ್ದಳು. ಮೆಡಿಕಲ್ ಕಾಲೇಜಿನ ಮೊದಲ ದಿನ ನನ್ನ ಬಿಳಿ ಕೋಟಿನ ಒಳಗೆ ಹಳದಿ ಬೊಟ್ಟು ನೋಡಿ ಅನಾಟಮಿಯ ಮೇಷ್ಟ್ರು, "ಏನಮ್ಮಾ, ಬೆಳಿಗ್ಗೆ ಚಿತ್ರಾನ್ನವಾ?" ಎಂದು ಕೇಳಿದ್ದರು. ಕೈ ತೊಳೆದೂ ತೊಳೆದೂ ಚರ್ಮ ಸುಲಿದುಕೊಂಡಿರುವ, ಕ್ರಿಮಿ ಕೀಟದ ವಿಷಯದಲ್ಲಿ ಯಾರನ್ನೂ ನಂಬದ ನಾನು ಇವತ್ತಿಗೂ ಹಚ್ಚುತ್ತೇನೆ. ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಳ್ಳೆಯದಾಗಲಿ ಎಂಬ ಆಸೆಯೂ ಇರುತ್ತದೆ, ಸುಳ್ಳೇಕೆ.

ಒಳ್ಳೆಯದೇನೂ ಆಗಲಿಲ್ಲ. ಕ್ರಿಸ್‌ಮಸ್ ಮುಗಿದ ವಾರ, ಎರಡು ಆಪರೇಷನ್ನಿನ ನಡುವೆ ಟೀ ಕುಡಿಯುತ್ತಿದ್ದಾಗ, ಫೋನಿನಲ್ಲಿ ಎರಡು ಸಾಲಿನ ಸುದ್ದಿ ಬಂತು. ಡೆಕ್ಲನ್ ಅಡಿಲೇಡ್ ತಂಡಕ್ಕೆ. ಬದಲಿಗೆ ಅಲ್ಲಿಂದ ಒಬ್ಬ ಎಡಗೈ ಎಸೆತಗಾರ ನಮ್ಮ ತಂಡಕ್ಕೆ. ಸೀಸನ್ ಅರ್ಧ ಮುಗಿದಿತ್ತಷ್ಟೇ. ಟಿಕೆಟ್ ಕೊಟ್ಟು ನನ್ನನ್ನು ಈ ಹುಚ್ಚಿಗೆ ಹತ್ತಿಸಿದ ಅದೇ ನರ್ಸು, "ಬಿಸಿನೆಸ್ ಅಲ್ವಾ ಡಾಕ್," ಎಂದು ಬಿಸ್ಕತ್ತು ಅದ್ದಿಕೊಂಡಳು. ಹೌದು, ನಮಗೆ ಎಸೆಯುವವನು ಬೇಕಿತ್ತು, ಅವರಿಗೆ ಹಿಡಿಯುವವನು ಬೇಕಿತ್ತು, ಒಳ್ಳೆಯ ವ್ಯವಹಾರ ಎಂದು ನಾನೂ ಹೇಳಿದೆ. ಹೇಳಿ, ಮಧ್ಯಾಹ್ನವೆಲ್ಲ ಬಿಡುವು ಸಿಕ್ಕಾಗಲೆಲ್ಲ ಅಡಿಲೇಡಿನ ಅಭಿಮಾನಿಗಳು ಅವನ ಬಗ್ಗೆ ಏನು ಬರೆದಿದ್ದಾರೆಂದು ಫೋನಿನಲ್ಲಿ ಹುಡುಕಿದೆ. ಮದುವೆ ಮಾಡಿ ಕಳಿಸಿದ ಹುಡುಗಿಯನ್ನು ಗಂಡನ ಮನೆಯವರು ಹೇಗೆ ನೋಡಿಕೊಳ್ಳುತ್ತಿದ್ದಾರೋ ಎಂದು ವಿಚಾರಿಸಿದ ಹಾಗೆ. ಒಬ್ಬ, "ಬ್ಯಾಟಿಂಗ್ ಬರೋಲ್ಲ ಇವನಿಗೆ," ಎಂದು ಬರೆದಿದ್ದ. ಅವನು ಯಾರೋ ಏನೋ, ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಅಡಿಲೇಡ್ ನನಗೆ ಗೊತ್ತಿಲ್ಲದ ಊರಲ್ಲ. ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಎಂಟು ವರ್ಷ ತರಬೇತಿ, ಕೆಲಸ ಎಲ್ಲ ಮಾಡಿದ್ದೆ. ಪಕ್ಕದಲ್ಲೇ ಯೂನಿವರ್ಸಿಟಿ. ಹುಬ್ಬಳ್ಳಿ, ಮಂಗಳೂರು, ತುಮಕೂರಿನ ಹುಡುಗರು ಒಂದೇ ಬಾಡಿಗೆ ಮನೆಯಲ್ಲಿ ಏಳೆಂಟು ಜನ ಇರುತ್ತಿದ್ದರು. ಅವರಲ್ಲಿ ಇಮ್ತಿಯಾಜ್ ಎಂಬ ಹುಡುಗ ಪೆಟ್ರೋಲ್ ಬಂಕಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದ. ಕಾರಿಗೆ ಪೆಟ್ರೋಲ್ ಹಾಕಿಸಲು ಹೋದ ಮೊದಲ ದಿನವೇ, "ಆಂಟಿ, ನೀವು ಕನ್ನಡದೋರಾ?" ಎಂದ. ನನಗಾಗ ಮೂವತ್ತೊಂದು. ಆಮೇಲೆ ಒಂದು ತಿಂಗಳು ನಾನು ಬೇರೆ ಬಂಕಿಗೆ ಹೋಗುತ್ತಿದ್ದೆ, ಅಲ್ಲಿ ಪೆಟ್ರೋಲ್ ತುಟ್ಟಿಯಾದರೂ ಸರಿ. ಕೊನೆಗೆ ಅದೇ ಇಮ್ತಿಯಾಜ್ ನಾವು ಊರು ಬಿಡುವಾಗ ಗೆಳೆಯರನ್ನು ಕರೆತಂದು ಫ್ರಿಜ್ಜು, ಮಂಚ ಎಲ್ಲ ಲಾರಿಗೆ ಏರಿಸಿಕೊಟ್ಟ. ಎಂಟು ವರ್ಷದ ಇಳಾ ಅವನನ್ನು, "ನಮ್ ಮನೆ ಎಲ್ಲಿಗೆ ಹೋಗ್ತಾ ಇದೆ?" ಎಂದು ಕೇಳಿದಳಂತೆ. ನಾವು ಅವಳಿಗೆ ಸರಿಯಾಗಿ ಹೇಳಿರಲಿಲ್ಲ. ಇಷ್ಟು ಚಿಕ್ಕವರಿಗೆ ಏನು ತಿಳಿಯುತ್ತದೆ ಎಂದುಕೊಂಡಿದ್ದೆವು.

ಆ ಸಂಜೆ ಡೆಕ್ಲನ್ ಸುದ್ದಿಯನ್ನು ಇಳಾಳಿಗೆ ಊಟದ ಮೇಜಿನಲ್ಲಿ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ.

"ಡಿಡ್ ದೇ ಆಸ್ಕ್ ಹಿಮ್?" ಎಂದು ಕೇಳಿದಳು.

"ಅದೆಲ್ಲ ಕೇಳಲ್ಲ ಪುಟ್ಟಾ," ಎಂದ ಮಹೇಶ. "ಅವನ ಕೆಲ್ಸ ಅದು. ಎಲ್ಲಿ ಹಾಕಿದ್ರೆ ಅಲ್ಲಿ ಆಡ್ಬೇಕು."

"ಒಂದ್ಸಲಾನೂ ಕೇಳಲ್ವಾ? ಸುಮ್ನೆ ಕೇಳೋಕ್ಕಾದ್ರೂ?"

ಮಹೇಶ ನನ್ನ ಮುಖ ನೋಡಿದ. ನಾನು ಹುಳಿಯ ಪಾತ್ರೆ ನೋಡಿದೆ.

ಮರುದಿನ ಅಮ್ಮನಿಗೆ ಫೋನಿನಲ್ಲಿ ಈ ಟ್ರೇಡ್ ಎಂದರೆ ಏನೆಂದು ಬಿಡಿಸಿ ಹೇಳಹೊರಟೆ. ಅರ್ಧಕ್ಕೇ ನಿಲ್ಲಿಸಿ, "ಓ, ಮ್ಯೂಚುವಲ್ ಟ್ರಾನ್ಸ್‌ಫರ್ರಾ? ಹಾಗನ್ನು ಮತ್ತೆ," ಎಂದಳು. ಮೇಷ್ಟ್ರ ಮನೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೊಸದುರ್ಗದಲ್ಲಿದ್ದವರಿಗೆ ತಮ್ಮೂರು ಬೀರೂರಿಗೆ ಹೋಗುವ ಹಂಬಲ. ಬೀರೂರಿನ ಒಬ್ಬ ಮೇಷ್ಟ್ರಿಗೆ ಹೊಸದುರ್ಗಕ್ಕೆ ಬರುವ ಹಂಬಲ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು, ಅರ್ಜಿ ಬರೆದು, ಎರಡು ವರ್ಷ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು ಪರಸ್ಪರ ವರ್ಗಾವಣೆ ಮಾಡಿಸಿಕೊಂಡರು. ಅದು ದಸರಾ ರಜೆ ಮುಗಿದ ಮೇಲೆ, ವರ್ಷದ ನಡುವೆ. ನಾನು ನಾಲ್ಕನೆಯ ಕ್ಲಾಸು.

ನನಗೆ ಗೊತ್ತಾದದ್ದು ಹೀಗೆ. ಒಂದು ಭಾನುವಾರ ಆ ಬೀರೂರಿನ ಮೇಷ್ಟ್ರು ಹೆಂಡತಿ ಮಗಳ ಜೊತೆ ನಮ್ಮ ಬಾಡಿಗೆ ಮನೆ ನೋಡಲು ಬಂದರು. ನಾವು ಬಿಟ್ಟ ಮನೆಗೆ ಅವರೇ ಬರುವುದೆಂದು ಮಾತಾಗಿತ್ತಂತೆ. ಅಮ್ಮ ಉಪ್ಪಿಟ್ಟು ಮಾಡಿದ್ದಳು. ಅವರ ಮಗಳು ವನಜಾ ನನ್ನದೇ ವಯಸ್ಸಿನವಳು. ನಡುಮನೆಯ ಗೋಡೆಯಲ್ಲಿ ನನ್ನದೊಂದು ಗೂಡಿತ್ತು. ಬಳಪ, ಬಳೆಚೂರು, ಹುಣಸೆಬೀಜ ಎಲ್ಲ ಅದರಲ್ಲಿ ಇಡುತ್ತಿದ್ದೆ. ವನಜಾ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಅದರೊಳಗೆ ಇಣುಕಿ ನೋಡಿ ಅವರಮ್ಮನನ್ನು ಕೇಳಿದಳು: "ಅಮ್ಮಾ, ಈ ಗೂಡು ನಂಗಾ?"

ಅವಳಿಗೆ ಎಲ್ಲ ಗೊತ್ತಿತ್ತು. ಅವರಪ್ಪ ಹೇಳಿದ್ದರು. ನನ್ನಪ್ಪ ಹೇಳಿರಲಿಲ್ಲ. ನಾನು ಜಗಳವಾಡಲಿಲ್ಲ, ಅಳಲೂ ಇಲ್ಲ. ಅವತ್ತೇ ಗೂಡು ಖಾಲಿ ಮಾಡಿ ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟೆ. ಎಷ್ಟು ಜಾಣೆ, ಹಟವೇ ಇಲ್ಲ ಎಂದು ಎರಡೂ ಮನೆಯವರು ಹೊಗಳಿದರು. ಆ ಹೊಗಳಿಕೆಯನ್ನು ನಾನು ತುಂಬ ವರ್ಷ ನಂಬಿಕೊಂಡಿದ್ದೆ. ಬೀರೂರಿನ ಶಾಲೆಯಲ್ಲಿ ನನ್ನನ್ನು ವನಜಾಳ ಜಾಗದಲ್ಲೇ ಕೂರಿಸಿದರು. ಪಕ್ಕದ ಹುಡುಗಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ, ಅವಳಿಗೆ ವನಜಾಳೇ ಬೇಕಿತ್ತು.

ಇನ್ನು ನಮ್ಮ ಜರ್ಸಿ. ತಂಡದವರು ಒಳ್ಳೆಯ ಏರ್ಪಾಡೊಂದನ್ನು ಮಾಡಿದ್ದರು. ನಿಮ್ಮ ಜರ್ಸಿಯ ಮೇಲಿರುವ ಆಟಗಾರ ಸೀಸನ್ನಿನ ನಡುವೆ ಬೇರೆ ತಂಡಕ್ಕೆ ಹೋದರೆ, ಅದನ್ನು ಹಿಂದಿರುಗಿಸಿ ಬೇರೆ ಆಟಗಾರನ ಹೆಸರಿನದನ್ನು ಪಡೆಯಬಹುದು. ಒಂದೇ ನಿಯಮ, ಅದರ ಮೇಲೆ ಕಲೆ ಇರಬಾರದು. ನನಗೆ ಇದು ಬಹಳ ಸರಿ ಕಂಡಿತು. ನಿಂಬೆಹುಳಿ, ಸೋಡಾಪುಡಿಯ ಪ್ರಯೋಗವೆಲ್ಲ ಆಗಲೇ ಆಗಿದ್ದು. ಮುಂದಿನ ಮ್ಯಾಚಿನ ದಿನ ಮೈದಾನದ ಅಂಗಡಿಗೆ ಹೋದೆವು. ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕನ್ನಡಕ ಏರಿಸಿ, ಜರ್ಸಿಯನ್ನು ಹಿಂದೆ ಮುಂದೆ ತಿರುಗಿಸಿ, ಅಂಚು ಮಗುಚಿದರು.

"ಕರ್ರಿ ಬಿದ್ದಿದೆಯಾ, ಲವ್?"

ಕರ್ರಿ ಅಲ್ಲ, ಹೊಸ ಬಟ್ಟೆಗೆ ನಾವು ಬೇಕೆಂದೇ ಹಚ್ಚುತ್ತೇವೆ, ಆಶೀರ್ವಾದದ ಹಾಗೆ ಎಂದು ವಿವರಿಸಿದೆ. ನನ್ನ ಹಿಂದೆ ಕ್ಯೂನಲ್ಲಿ ನಿಂತಿದ್ದ ಆರೇಳು ಜನ ಶ್ರದ್ಧೆಯಿಂದ ಕೇಳಿಸಿಕೊಂಡರು. ಅಜ್ಜಿಗೂ ವಿಷಯ ಬಹಳ ಇಷ್ಟವಾಯಿತು. ಇಷ್ಟವಾದರೂ ಜರ್ಸಿಯನ್ನು ಮಡಿಚಿ ನನ್ನ ಕೈಗೇ ವಾಪಸ್ ಕೊಟ್ಟು, "ಆಶೀರ್ವಾದವನ್ನ ಇನ್ನೊಬ್ಬರಿಗೆ ಮಾರೋಕಾಗಲ್ವಲ್ಲಾ ಡಾರ್ಲ್," ಎಂದರು. ನಾನು ಪೆಚ್ಚಾಗಿ ತಿರುಗಿದರೆ ಇಳಾಳ ಮುಖ ಅರಳಿತ್ತು.

"ನಂಗೆ ಬದಲಾಯಿಸೋದು ಬೇಕೇ ಇರಲಿಲ್ಲ," ಎಂದಳು.

"ಮತ್ತೆ ಮನೇಲೇ ಹೇಳ್ಬಾರದಾಗಿತ್ತಾ?"

"ನೀನು ಕೇಳಲೇ ಇಲ್ಲ."

ಅಲ್ಲೇ ಕಿತ್ತುಕೊಂಡು, ಟೀ ಶರ್ಟಿನ ಮೇಲೇ ಹಾಕಿಕೊಂಡಳು.

ಅವತ್ತು ಅಡಿಲೇಡಿನಿಂದ ಬಂದ ಎಡಗೈಯವನು ಎಸೆದ. ಎಂಥ ಎಸೆತ ಅಂತೀರಿ! ನಾನು ಅವನಿಗೆ ಚಪ್ಪಾಳೆ ತಟ್ಟಬಾರದೆಂದು ನಿರ್ಧರಿಸಿಯೇ ಹೋಗಿದ್ದೆ. ಮೊದಲ ಅರ್ಧ ಗಂಟೆ ಕೈ ಕಟ್ಟಿ ಕೂತೆ. ಆಮೇಲೆ ಮೂವರು ಸಾಲಾಗಿ ಅವನ ಚೆಂಡು ಸಿಗದೆ ಗಾಳಿಗೆ ಬ್ಯಾಟ್ ಬೀಸಿ ಹೋದಾಗ ನಾನೇ ಮೊದಲು ಎದ್ದು ನಿಂತು ಕೂಗುತ್ತಿದ್ದೆ. ಪಕ್ಕದಲ್ಲಿ ಇಪ್ಪತ್ತೇಳನೆಯ ನಂಬರಿನ ಜರ್ಸಿ ತೊಟ್ಟವಳು ಕೂತೇ ಇದ್ದಳು. ಅಭಿಮಾನಿಯ ನಿಷ್ಠೆ ಇಷ್ಟೇ ನೋಡಿ, ಹತ್ತು ದಿನವೂ ಬಾಳಲಿಲ್ಲ. ಹೊಸದುರ್ಗದ ನನ್ನ ಗೆಳತಿಯರೂ ಎರಡನೆಯ ವಾರಕ್ಕೆ ವನಜಾಳ ಜೊತೆ ಕುಂಟೆಬಿಲ್ಲೆ ಆಡಿರಬೇಕು ಎಂದು ಅನಿಸಿತು. ನಾನು ಮೆಲ್ಲಗೆ ಕೂತುಕೊಂಡೆ.

ಜನವರಿಯ ಮೂರನೆಯ ವಾರ ಅಡಿಲೇಡ್ ತಂಡ ಪರ್ತಿಗೆ ಆಡಲು ಬಂತು. ಭಾನುವಾರ ಮಧ್ಯಾಹ್ನದ ಮ್ಯಾಚು, ಕಾಲಿಟ್ಟರೆ ಸುಡುವ ಬಿಸಿಲು. ಡೆಕ್ಲನ್ ಬೇರೆ ಬಣ್ಣದ ಬಟ್ಟೆಯಲ್ಲಿ, ಬೇರೆ ನಂಬರಿನಲ್ಲಿ, ಅದೇ ಮಂಡಿ ಮಡಿಚಿ ಕೂತಿದ್ದ. ಅಲ್ಲಿ ಇಪ್ಪತ್ತೇಳು ಬೇರೆ ಯಾರಿಗೋ ಇತ್ತಂತೆ. ಅವನು ಬ್ಯಾಟ್ ಹಿಡಿದು ಬಂದಾಗ ನಮ್ಮವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲೆಲ್ಲ ಚಿಪ್ಸ್ ತರಲು ಏಳುತ್ತಿದ್ದವರೂ ತಟ್ಟಿದರು. ಅವನು ಟೋಪಿ ಎತ್ತಿ ವಂದಿಸಿದ, ಆಮೇಲೆ ಎಂದಿನಂತೆ ಔಟಾದ. ನಾನು ನಗಲು ಹೋದೆ. ಬೆವರಿಗೆ ಹಿಡಿದಿದ್ದ ಕರವಸ್ತ್ರ ಕಣ್ಣಿಗೂ ಉಪಯೋಗಕ್ಕೆ ಬಂತು.

ಮ್ಯಾಚ್ ಮುಗಿದ ಮೇಲೆ ಅವನು ಬೇಲಿಯ ಹತ್ತಿರ ಬಂದ. ಇಳಾಳ ಜರ್ಸಿ ನೋಡಿ, "ಇನ್ನೂ ಹಾಕ್ಕೊಂಡಿದ್ಯಾ!" ಎಂದು ನಕ್ಕ. ಅವಳು ನಗಲಿಲ್ಲ. ಮೂರು ವಾರದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ನೇರವಾಗಿ ಕೇಳಿದಳು. ನಿನ್ನನ್ನು ಅವರು ಕೇಳಿದರಾ?

"ಇಲ್ಲ ಮೇಟ್. ಕೇಳಲ್ಲ ಅವರು. ಹೇಳ್ತಾರೆ ಅಷ್ಟೇ."

"ನಿಂಗೆ ಕೋಪ ಬರಲಿಲ್ವಾ?"

"ಬಂತು. ಒಂದು ವಾರ ಯಾರ ಜೊತೆನೂ ಮಾತಾಡಲಿಲ್ಲ ನಾನು." ಅವನು ಕೈಗವಸಿನ ದಾರ ಬಿಗಿ ಮಾಡಿದ. "ಆದ್ರೆ ಕೋಚ್ ನಾನಿದ್ದ ಮನೆಗೇ ಬಂದು, ಎದುರು ಕೂತು ಹೇಳಿದ್ರು. 'ಬೇರೆಯವರು ಹೇಳೋಕ್ಕೆ ಮುಂಚೆ ನಾನೇ ಹೇಳ್ಬೇಕು ಅಂತ ಬಂದೆ' ಅಂದ್ರು. ಅವರಿಗೂ ಕಷ್ಟ ಆಗಿತ್ತು, ಗೊತ್ತಾಗ್ತಿತ್ತು. ಫೋನಲ್ಲಿ ಓದಿ ತಿಳ್ಕೊಂಡಿದ್ರೆ ಅವರ ಮುಖ ಇನ್ಯಾವತ್ತೂ ನೋಡ್ತಿರಲಿಲ್ಲ ನಾನು."

ಇಳಾ ತಲೆಯಾಡಿಸಿದಳು. ಅವನು ಎಂದಿನಂತೆ ಚೆಂಡಿನ ವಿಷಯ ಕೇಳಿದ, ಅವಳು ಇದೆ ಎಂದಳು. ಅವರ ಬಸ್ಸು ಹಾರ್ನ್ ಮಾಡುತ್ತಿತ್ತು, ಹೋದ.

ನಾನು ಪ್ರತಿದಿನ ಹತ್ತಾರು ಅಪರಿಚಿತರಿಗೆ ಮುಂದೇನಾಗುತ್ತದೆ ಎಂದು ಒಂದೊಂದೇ ಹೆಜ್ಜೆ ಹೇಳುವವಳು. ಈಗ ಸೂಜಿ ಚುಚ್ಚುತ್ತದೆ, ಈಗ ಕೈ ತಣ್ಣಗಾಗುತ್ತದೆ, ಈಗ ನಿದ್ದೆ ಬರುತ್ತದೆ, ಎದ್ದಾಗ ಗಂಟಲು ಒಣಗಿರುತ್ತದೆ. ಹೇಳದೆ ಚುಚ್ಚಿದರೆ ಅಷ್ಟು ದೊಡ್ಡ ಗಂಡಸರೂ ನನ್ನನ್ನು ನಂಬುವುದಿಲ್ಲ. ಎರಡು ತಿಂಗಳಿಂದ ಮನೆಯಲ್ಲಿ ನಾನು ಮಾಡುತ್ತಿದ್ದುದು ಏನು ಎಂದು ಕಾರಿನವರೆಗೆ ನಡೆಯುವಾಗ ಯೋಚಿಸಿದೆ. ಸ್ಟೀರಿಂಗು ಕೈಯಿಡಲಾಗದಷ್ಟು ಕಾದಿತ್ತು. ಎಸಿ ಹಾಕಿ ಕೂತೆವು. ಇಳಾ ನನ್ನ ಪಕ್ಕದ ಸೀಟಿನಲ್ಲಿ.

"ಇಳಾ," ಎಂದೆ. "ನಾವು ಬ್ರಿಸ್ಬೇನಿಗೆ ಹೋಗಿ ಇದ್ರೆ ಹೇಗಿರುತ್ತೆ ಅನ್ಸುತ್ತೆ ನಿಂಗೆ?"

ಅವಳು ನನ್ನ ಕಡೆ ತಿರುಗಿದಳು. ನೀವು ನಂಬಬೇಕು, ಅವಳನ್ನು ಕೇಳಿದೆ ಎಂದು ಆ ಒಂದು ಕ್ಷಣ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

"ಕ್ಯಾನ್ ಐ ಸೇ ನೋ?"

ನೋಡೋಣ ಎಂದು ಹೇಳಬಹುದಿತ್ತು. ಬೇಡ ಎನ್ನಲಾಗದ ಕಡೆಯೆಲ್ಲ ನನ್ನಪ್ಪ ಅದನ್ನೇ ಹೇಳುತ್ತಿದ್ದರು, ನಾನೂ ಅದನ್ನೇ ಹೇಳುತ್ತ ಬಂದಿದ್ದೇನೆ. ಬಾಯಿಯವರೆಗೆ ಬಂದಿತ್ತು.

"ಇಲ್ಲ," ಎಂದೆ.

"ದೆನ್ ಡೋಂಟ್ ಆಸ್ಕ್, ಅಮ್ಮಾ. ಜಸ್ಟ್ ಟೆಲ್ ಮಿ."

ಹೇಳಿದೆ. ಏಪ್ರಿಲ್‌ನ ರಜೆಯಲ್ಲಿ ಹೋಗುವುದು ಎಂದೆ. ಕೆಲಸ, ಮನೆ, ಹೊಸ ಶಾಲೆ, ಮಿಯಾಳ ಜೊತೆ ಒಂದೇ ಒಂದು ಟರ್ಮ್ ಸಿಗುತ್ತದೆ ಎನ್ನುವುದು, ನವೆಂಬರಿನಲ್ಲೇ ಸಹಿ ಹಾಕಿದ್ದು, ಆಮೇಲೆ ಜರ್ಸಿ ಕೊಡಿಸಿದ್ದು, ಎಲ್ಲ ಒಂದೊಂದಾಗಿ ಹೇಳಿದೆ. ಮುಗಿದ ಮೇಲೆ ಕೇಳಿದಳು.

"ಅಪ್ಪಂಗೆ ಗೊತ್ತಾ?"

"ಗೊತ್ತು."

"ಅಜ್ಜಿಗೆ?"

"ಗೊತ್ತು."

"ಸೋ ಐ ವಾಸ್ ದ ಲಾಸ್ಟ್ ಟು ನೋ."

ಹೌದು ಎಂದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. ಸಮಾಧಾನ ಮಾಡಲು ಕೈ ಚಾಚಿದೆ, ಭುಜ ಒದರಿ ತೆಗೆದುಹಾಕಿದಳು. ನಾನು ಕಾರು ಹೊರಡಿಸಿದೆ. ನಮ್ಮ ಮನೆಗೆ ತಿರುಗುವ ರಸ್ತೆ ಬರುವಾಗ ಅವಳು ಕಣ್ಣೊರೆಸಿಕೊಂಡು, ನೇರ ಹೋಗು ಎಂದಳು.

"ಯಾಕೆ?"

"ಮಿಯಾ ಮನೆಗೆ. ಬೇರೆ ಯಾರಾದ್ರೂ ಹೇಳೋಕ್ಕೆ ಮುಂಚೆ ನಾನೇ ಹೇಳ್ಬೇಕು."

"ಇವತ್ತೇ ಬೇಕಾ? ಸ್ವಲ್ಪ ದಿನ ಬಿಟ್ಟು ಹೇಳಿದ್ರೆ..."

ಅವಳು ಮುಂದಿನ ರಸ್ತೆಯ ಕಡೆ ಬೆರಳು ತೋರಿಸಿದಳು. ನಾನು ನೇರ ಹೋದೆ.

ಮಿಯಾಳ ಮನೆಯ ಮುಂದೆ ಕಾರು ನಿಲ್ಲಿಸಿದಾಗ ನಾನೂ ಬರಲಾ ಎಂದು ಕೇಳಿದೆ. ಬೇಡ ಎಂದಳು. ಒಬ್ಬಳೇ ಇಳಿದು, ಮುಖವನ್ನು ಜರ್ಸಿಯ ತೋಳಿಗೆ ಒರೆಸಿಕೊಂಡು, ಬಾಗಿಲವರೆಗೆ ನಡೆದು ಬೆಲ್ ಒತ್ತಿದಳು. ಮಿಯಾ ಬಾಗಿಲು ತೆರೆದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು, ಇಳಾ ಅವಳ ಕಡೆ ತಿರುಗಿ ಹೇಳತೊಡಗಿದಳು. ಕಾರಿನೊಳಗೆ ಕೂತು ಅದನ್ನು ನೋಡುತ್ತಿದ್ದ ನನಗೆ ನಾಚಿಕೆಯಾಯಿತು.